ಬೆನ್ನಿನ ಮೇಲಿನ ಹೆಸರು

ಡೋಂಗ್ರಿಯಲ್ಲಿ, ಒಂದು ಚಾಳಿನ ಮೆಟ್ಟಿಲ ಕೆಳಗೆ,
ನನ್ನ ಬೈಂಡಿಂಗ್ ಅಂಗಡಿ.
ಸ್ಯಾಂಡ್‌ಹರ್ಸ್ಟ್ ರೋಡಿನ ಸೇತುವೆ ಮೇಲೆ ಹಾರ್ಬರ್ ಗಾಡಿ ಹಾದಾಗೆಲ್ಲ
ಮೈಲುತುತ್ತ ಬೆರೆಸಿದ ಮೈದಾ ಅಂಟು
ಡಬ್ಬಿಯೊಳಗೇ ನಡುಗಿ ಮತ್ತೆ ಕೆನೆಗಟ್ಟುತ್ತಿತ್ತು.

ಅಲ್ಲಿಗೆ ಬಂದರು ಮೌಲ್ವಿ ಅಬ್ದುಲ್ ಬಾರಿ ಉಂಡ್ರೆ,
ರತ್ನಾಗಿರಿ ಕಡೆಯ ಕೊಂಕಣಿ ಮನುಷ್ಯ,
ಬಗಲಲ್ಲಿ ಹಳೆ ಲುಂಗಿಯಲ್ಲಿ ಸುತ್ತಿದ
ಇಪ್ಪತ್ತಾರು ವರ್ಷ.

ಹೆಸರು ಕೇಳಿ ನಕ್ಕುಬಿಟ್ಟೆ, ತಾಳಿಕೋಟೆಯವ ನಾನು.
"ನಮ್ಮ ಕಡೆ ಉಂಡ್ರ ಅಂದ್ರ, ಊಟ ಮಾಡಿದ್ರ ಅಂತ್ರಿ."
ಅವರು ಸಿಟ್ಟಾಗಲಿಲ್ಲ. ಆ ಪದವನ್ನು
ನಾಲಿಗೆ ಮೇಲಿಟ್ಟು ಚೀಪಿ ನೋಡಿದರು.
"ಸರಿಯಾಗೇ ಇದೆ. ಉಪ್ಪಿನ ಬಗ್ಗೆ ಒಂಬೈನೂರು ಪುಟ ಬರೆದೆ.
ಉಂಡ್ರೆ ತಾನೆ ಗೊತ್ತಾಗೋದು."

ಒಂಬೈನೂರೂ ಒಂದೇ ಪದದ ವ್ಯಾಖ್ಯಾನ:
ನಿಯತ್ತು.
ನಮ್ಮಲ್ಲಿ ನಾಯಿಗಿದೆ ಎನ್ನುತ್ತೇವಲ್ಲ, ಅದೇ.
ಅಲ್ಲಿಂದ ಮುಂದಿನ ಪದಕ್ಕೆ ದಾಟುವುದು
ಅವರಿಗೆ ಆಗಿರಲಿಲ್ಲ.

"ಬೆನ್ನಿಗೆ ಚಿನ್ನದಕ್ಷರದಲ್ಲಿ ಹೆಸರು ಒತ್ತಲೇ?"
"ಬೇಡ. ಬೋಳು ಬೆನ್ನೇ ಇರಲಿ."
ಎಂಥ ದೊಡ್ಡವರು ಎಂದುಕೊಂಡೆ.
ಸಂಜೆಯೊಳಗೆ ಓಣಿಗೆಲ್ಲ ಹೇಳಿದೆ.
ಖಾರಿ ಬಿಸ್ಕತ್ತಿನ ಬೇಕರಿಯವನು ತಲೆದೂಗಿದ.

ಮರುದಿನ ಫಜರ್ ನಮಾಜ್ ಮುಗಿದದ್ದೇ ತಡ,
ಅರ್ಧ ಎತ್ತಿದ ಷಟರ್ ಕೆಳಗೆ ಬಗ್ಗಿ ಬಂದರು.
"ನಿನ್ನೆ ಹೆಸರು ಬೇಡ ಅಂದೆ.
ರಾತ್ರಿಯಿಡೀ 'ಹೆಸರು ಬೇಡ ಅಂದವನು' ಅನ್ನೋ ಹೆಸರು
ತಿಗಣೆ ಹಾಗೆ ಹಾಸಿಗೆಯಲ್ಲಿತ್ತು.
ಈಗ ಬೇಕರಿಯವನು ಎದ್ದು ನಿಂತು ಸಲಾಮ್ ಹೇಳಿದ.
ಹಿತವಾಯಿತಪ್ಪ. ಅದೇ ಕಷ್ಟ, ಹಿತವಾಯಿತು."

ಸ್ಟೂಲಿನ ಮೇಲಿದ್ದ ರದ್ದಿ ಸರಿಸಿ ಕೂತರು.
"ಹೋದ ರಮಜಾನಿನಲ್ಲಿ ದುವಾ ಮಾಡುತ್ತ ಅತ್ತೆ.
ನಿಜವಾದ ಅಳುವೇ.
ಅಳುತ್ತಲೇ ಒಂದು ಕಣ್ಣು ಮೂರನೇ ಸಾಲಿನತ್ತ ಹೋಯಿತು,
ನೋಡುತ್ತಿದ್ದಾರೆಯೇ ಎಂದು.
ಆಮೇಲೆ ಸುರಿದ ನೀರು ಯಾರದೋ, ನನ್ನದಲ್ಲ."

ಎದ್ದರು.
"ಹೆಸರು ಹಾಕು. ಚಿನ್ನ ಬೇಡ, ಕರಿ ಮಸಿ, ಸಣ್ಣಕ್ಕೆ.
ಒಳಗೆ ಖೋಲಿ ನಂಬರು, ಓಣಿ.
ತಪ್ಪು ಸಿಕ್ಕವನು ಬಂದು
ಯಾರ ಬಾಗಿಲು ಬಡಿಯಬೇಕು, ತಿಳಿಯಲಿ."

ಅವರು ಹೋದ ಮೇಲೆ ಷಟರ್ ಎಳೆದೆ.
ಐದು ಹುರಿಗೆ ಹೊಲಿಯಬೇಕಾದ ಬೆನ್ನನ್ನು
ಮೂರಕ್ಕೇ ಹೊಲಿದಿದ್ದೆ ನಾನು. ಮೇಲೆ ಬಟ್ಟೆ ಅಂಟಿಸಿದರೆ
ಯಾವ ಆಲಿಮನಿಗೂ ಕಾಣುವುದಿಲ್ಲ.
ಚಾಕು ತಗೊಂಡು ಪೂರ್ತಿ ಬಿಚ್ಚಿದೆ.
ಮೇಲಿನವನಿಗೆ ಹೆದರಿಯೋ, ಇವರಿಗೆ ನಾಚಿಯೋ,
ಅಷ್ಟು ನಿಖರವಾಗಿ ನನ್ನನ್ನು ನಾನು ಓದಲಾರೆ.
ಎರಡು ದಿನ ಹಿಡಿಯಿತು. ಮೇಣದ ದಾರ ಬೆರಳು ಕೊಯ್ದಿತು.

"ಯಾಕೆ ತಡ?" ಎಂದರು.
"ಕರೆಂಟ್ ಇರಲಿಲ್ಲ."
ಸೂಜಿಗೆ ಕರೆಂಟ್ ಯಾಕೆ ಬೇಕೆಂದು ಅವರು ಕೇಳಲಿಲ್ಲ.
ಆ ಸುಳ್ಳು ಇನ್ನೂ ನನ್ನ ಹತ್ತಿರವೇ ಇದೆ,
ಜಮೆಗೆ ಬರೆಯಲೋ ಖರ್ಚಿಗೆ ಬರೆಯಲೋ ತಿಳಿಯದೆ.

ಅವರು ತೀರಿಕೊಂಡು ಎಂಟು ವರ್ಷವಾದ ಮೇಲೆ
ಭಿವಂಡಿಯ ಒಬ್ಬ ಹುಡುಗ ಬಂದ,
ನಾನೂರ ಹನ್ನೆರಡನೇ ಪುಟದಲ್ಲಿ ತಪ್ಪು ಸಿಕ್ಕಿದೆಯೆಂದು.
ಆ ಬಾಗಿಲು ಈಗ ಯಾರೋ ಗಡಿಯಾರದವರದ್ದು.
ಕೇಳಿಕೊಂಡು ನನ್ನಲ್ಲಿಗೆ ಬಂದಿದ್ದ.
ಪುಸ್ತಕವನ್ನು ಕೈಯಲ್ಲಿ ಹಿಡಿದು ಎರಡೂ ಕಡೆಗೆ ಬಗ್ಗಿಸಿದೆ.
ಒಂದು ಹಾಳೆಯೂ ಕದಲಲಿಲ್ಲ.
ತಪ್ಪು ಇದ್ದಲ್ಲೇ ಗಟ್ಟಿಯಾಗಿತ್ತು.
ಹುಡುಗ ಪೆನ್ಸಿಲ್ಲಿನಿಂದ ಅಂಚಿನಲ್ಲಿ ತಿದ್ದಿದ,
ತನ್ನ ಹೆಸರು ಬರೆಯಹೋಗಿ, ತಡೆದು, ನನ್ನ ಮುಖ ನೋಡಿದ.
"ಬರಿ," ಎಂದೆ, "ಖೋಲಿ ನಂಬರನ್ನೂ."

ಇಷ್ಟನ್ನು ಈಗ ಕನ್ನಡದಲ್ಲಿ ಬರೆದಿದ್ದೇನೆ,
ಈ ಓಣಿಯಲ್ಲಿ ಓದುವವರಿಲ್ಲವೆಂಬ ಧೈರ್ಯದಿಂದ.
ಆದರೂ ಐದು ಹುರಿಯ ಮಾತು ಬಂದಾಗ
ಪೆನ್ನು ಎತ್ತಿ ನಿಮ್ಮ ಕಡೆ ನೋಡಿದೆ,
ಸುಮಾರು ಮೂರನೇ ಸಾಲಿನತ್ತ.