ಕಂಕುಳ ಕುಡಿ

ಫೆಬ್ರವರಿಯಲ್ಲಿ ವಿಚೆಗ್ದಾ ನದಿಯ ಮೇಲೆ ಲಾರಿಗಳು ಓಡುತ್ತವೆ,
ಮಂಜುಗಡ್ಡೆ ಅಷ್ಟು ದಪ್ಪ.
ಅದೇ ತಿಂಗಳು ನಮ್ಮ ಅಡುಗೆಮನೆ ಕಿಟಕಿಯಲ್ಲಿ
ಹಾಲಿನ ಖಾಲಿ ಡಬ್ಬಗಳ ಸಾಲು,
ಒಂದೊಂದರಲ್ಲೂ ಹಿಡಿ ಮಣ್ಣು, ಎರಡೆರಡು ಟೊಮೆಟೊ ಬೀಜ.
ರಟ್ಟಿನ ಮೇಲೆ ಪೆನ್ಸಿಲಿನಲ್ಲಿ
ದೆಮ್ಯಾನನ ಕಾಗೆಕಾಲು ಗುಬ್ಬಿಕಾಲಿನ ಅಕ್ಷರ:
ಗುಂಡನೆಯದು. ಉದ್ದನೆಯದು. ಹೆಸರು ಮರೆತದ್ದು.

ಅವನು ರೈಲ್ವೆಯಲ್ಲಿ ಬೋಗಿ ಜೋಡಿಸುವವನು.
ಅಮ್ಮನನ್ನು ಮದುವೆಯಾಗಿ ಆಗಿನ್ನೂ ನಾಲ್ಕು ತಿಂಗಳು.
ನನಗೆ ಒಂಬತ್ತು. ಅವನನ್ನು ನಾನು
ಯಾವ ಹೆಸರಿನಿಂದಲೂ ಕರೆಯುತ್ತಿರಲಿಲ್ಲ.
ಉಪ್ಪು ಬೇಕಿದ್ದರೆ ಅಮ್ಮನನ್ನು ಕೇಳುತ್ತಿದ್ದೆ,
ಉಪ್ಪಿನ ಬಟ್ಟಲು ಅವನ ಮೊಣಕೈ ಪಕ್ಕದಲ್ಲೇ ಇದ್ದರೂ.

ಸಸಿಗಳು ಗಾಜಿನ ಕಡೆಗೇ ಕತ್ತು ಚಾಚುತ್ತಿದ್ದವು.
ಕೆಲಸಕ್ಕೆ ಹೊರಡುವ ಮುನ್ನ, ಇನ್ನೂ ಕತ್ತಲು,
ಒಂದೊಂದೇ ಡಬ್ಬವನ್ನು ಅರ್ಧ ಸುತ್ತು ತಿರುಗಿಸುತ್ತಿದ್ದ.
ಬೆನ್ನು ನೆಟ್ಟಗಾಗಲಿ, ಎನ್ನುತ್ತಿದ್ದ, ಯಾರಿಗೋ.
ನಾನು ಹಾಸಿಗೆಯಲ್ಲಿ ನಿದ್ದೆ ನಟಿಸುತ್ತ ಕೇಳುತ್ತಿದ್ದೆ.

ಜೂನ್ ಮೊದಲ ವಾರ ಹಿತ್ತಲಿಗೆ ಇಳಿಸಿದೆವು,
ಯಾರೋ ಬಿಸಾಡಿದ ಕಿಟಕಿಗಳನ್ನು ಜೋಡಿಸಿ
ಅವನು ಕಟ್ಟಿದ ಗಾಜಿನ ಗೂಡಿಗೆ.
ಕುತ್ತಿಗೆವರೆಗೂ ಹೂಳು, ಅಂದ,
ಹೂತಷ್ಟೂ ಕಾಂಡವೇ ಬೇರು ಬಿಡುತ್ತದೆ.
ಹೂಳು ಎಂಬ ಮಾತಿಗೆ ನನ್ನ ಕೈ ನಿಂತಿತು.
ಅಪ್ಪನನ್ನು ಹೂಳುವಾಗ ನೆಲ ಹೆಪ್ಪುಗಟ್ಟಿ
ಹಾರೆ ಠಣ್ಣೆಂದದ್ದು ಅವನಿಗೆ ಹೇಗೆ ಗೊತ್ತಾಗಬೇಕು?
ಗೊತ್ತಾಯಿತೇನೋ. ಉಳಿದ ಹನ್ನೊಂದನ್ನೂ ತಾನೇ ನೆಟ್ಟ,
ಮಾತಿಲ್ಲದೆ.

ಆಮೇಲೆ ನಮ್ಮಲ್ಲಿ ರಾತ್ರಿಯೇ ಆಗದ ದಿನಗಳು.
ಎಲೆಗೆ ನೀರು ತಾಗಿಸಬೇಡ, ಬುಡಕ್ಕೆ ಹಾಕು;
ಬಾವಿಯದಲ್ಲ, ಪೀಪಾಯಿಯಲ್ಲಿ ಬಿಸಿಲು ಕಾದದ್ದು.
ಒಲೆಯ ಬೂದಿ ಒಂದು ಹಿಡಿ.
ತುರಚಿ ಸೊಪ್ಪು ಕೊಳೆಸಿದ ಕಷಾಯ ಒಂದು ಸೌಟು:
ಆ ನಾತಕ್ಕೆ ಅವ್ದೋತ್ಯ ಅಜ್ಜಿ ಬೇಲಿಯಾಚೆ
ದೇವರನ್ನು ಕೂಗುತ್ತಿದ್ದಳು, ಹೊಗಳಲಿಕ್ಕಲ್ಲ.
ಮಧ್ಯಾಹ್ನ ಹೂಗೊಂಚಲನ್ನು ಬೆರಳಿಂದ ಮೆಲ್ಲನೆ ತಟ್ಟು.
ಗಾಜಿನೊಳಗೆ ಗಾಳಿ ಬರುವುದಿಲ್ಲ,
ಗಾಳಿಯ ಕೆಲಸ ನಿನ್ನದು.
ಗಾಳಿಯ ಕೆಲಸ ನನಗೆ ಇಷ್ಟವಾಯಿತು.

ಇಷ್ಟವಾಗದ್ದು ಇದು:
ಎಲೆ ಕಾಂಡವನ್ನು ಸೇರುವ ಕಂಕುಳಲ್ಲಿ
ಕರೆಯದೆ ಬಂದು ಕೂರುವ ಕುಡಿ.
ಬಿಟ್ಟರೆ ಗಿಡದ ಪಾಲನ್ನೆಲ್ಲ ತಾನೇ ಉಂಡು
ಬರೀ ಸೊಪ್ಪು, ಹಣ್ಣಿಲ್ಲ.
ಕಿರುಬೆರಳುದ್ದ ಆಗುವುದರೊಳಗೆ ಚಿವುಟಬೇಕು.
ನಮ್ಮ ಮಾತಿನಲ್ಲಿ ಆ ಕುಡಿಗೆ ಹೆಸರು
ಮಲಮಗ.

ತೋಟ ಮಾಡುವವರೆಲ್ಲ ಅನ್ನುವುದು ಹಾಗೇ. ಯಾರೂ ಯೋಚಿಸುವುದಿಲ್ಲ.
"ನಿನ್ನೆ ಇಡೀ ದಿನ ಮಲಮಕ್ಕಳನ್ನು ಮುರಿದೆ,
ಸೊಂಟ ಬಿದ್ದುಹೋಯಿತು," ಅಜ್ಜಿ ಕೂಗಿದಳು, "ನಿನ್ನದಾಯಿತೇ?"
ದೆಮ್ಯಾನನ ಹೆಬ್ಬೆರಳು, ಹಸಿರುಗಪ್ಪು, ಕುಡಿಯ ಮೇಲೆ.
ಅವನು ನನ್ನ ಕಡೆ ನೋಡಲಿಲ್ಲ.
ನಾನು ಹೆಬ್ಬೆರಳನ್ನೇ ನೋಡುತ್ತಿದ್ದೆ.

ಚಿವುಟಿದ. ಚಿವುಟಲೇಬೇಕಿತ್ತು, ಗಿಡ ಗಿಡವೇ.
ಬಿಸಾಡಲಿಲ್ಲ.
ಚಹಾದ ಲೋಟಕ್ಕೆ ನೀರು ತುಂಬಿ, ಅದರಲ್ಲಿ ನಿಲ್ಲಿಸಿ,
ನನ್ನ ದಿಂಬಿನ ಬಳಿಯ ಕಿಟಕಿಯಲ್ಲಿಟ್ಟು ರೈಲಿಗೆ ಹೋದ.
ಎಂಟನೆಯ ದಿನ ನೀರಿನಲ್ಲಿ ಬಿಳಿ ಮೀಸೆ.

ಅದನ್ನು ನಾನೇ ನೆಟ್ಟೆ. ಕುತ್ತಿಗೆವರೆಗೂ ಹೂತೆ.
ತಡವಾಗಿ ಹೂಬಿಟ್ಟಿತು, ಕಾಯಿ ಇನ್ನೂ ತಡ.
ಆಗಸ್ಟಿನ ಮಂಜಿಗೆ ಎಲೆಗಳಲ್ಲಿ ಕಂದು ಚುಕ್ಕೆ ಕಂಡದ್ದೇ
ಅಮ್ಮ ಹಸಿರು ಕಾಯಿಗಳನ್ನೆಲ್ಲ ಬುಟ್ಟಿಗೆ ಇಳಿಸಿದಳು.
ನನ್ನ ಗಿಡದ್ದು ಮೂರು, ಗೋಲಿಗಿಂತ ತುಸು ದೊಡ್ಡವು.
ಕತ್ತಲಲ್ಲಿ ಹಣ್ಣಾಗುತ್ತವೆ ಎಂದು ದೆಮ್ಯಾನ್
ಉಣ್ಣೆಯ ಚಳಿಬೂಟಿನೊಳಗೆ ಇಳಿಬಿಟ್ಟು
ಮಂಚದ ಕೆಳಗೆ ತಳ್ಳಿದ. ಬೂಟು ಅವನದೇ.

ಅಕ್ಟೋಬರ್. ಮೊದಲ ಹಿಮ. ಅವನು ಮರೆತಿದ್ದ.
"ಕಾಲಿಡಬೇಡ!" ಎಂದು ಕಿರುಚಿದೆ,
ಆಗಲೂ ಹೆಸರು ಹಿಡಿದು ಕರೆಯಲಿಲ್ಲ.

ಒಂದು ಕೊಳೆತಿತ್ತು. ಎರಡು ಕೆಂಪು, ಬೂಟಿನ ವಾಸನೆ.
ಚಾಕುವಿನಿಂದ ಸೀಳಿ ಮೇಜಿನ ಮೇಲಿಟ್ಟ.
ಅಮ್ಮ ರಾತ್ರಿ ಪಾಳಿಯಲ್ಲಿದ್ದಳು.
ಉಪ್ಪಿನ ಬಟ್ಟಲು ಅವನ ಮೊಣಕೈ ಪಕ್ಕ.
ಕೇಳಿದೆ.