ಮೂರನೆಯ ಕಾಲಂ

ಉಲಾನ್‌ಬಾತರಿನ ಉತ್ತರದ ದಿನ್ನೆ, ಅದರ ಮೇಲೆ ನಮ್ಮ ವಾರ್ಡು ಕಚೇರಿ.
ಪ್ರತಿ ಅಕ್ಟೋಬರಿಗೆ ಕಾಲೇಜಿನವರು ಒಬ್ಬರನ್ನು ಕಳಿಸುತ್ತಾರೆ,
ನಾನೂರು ಗಂಟೆ ತುಂಬಿಸಿ ವಾಪಸು ಕೊಡಿ ಎಂದು,
ನೀರಿನ ಡಬ್ಬ ಕೊಟ್ಟು ಕಳಿಸಿದ ಹಾಗೆ.

ಈ ಸಲ ಬಂದವಳು ಖುಲಾನ್.
ಗಿಡ್ಡ ಹುಡುಗಿ. ಅಕ್ಕನದೋ ತಾಯಿಯದೋ ಕೋಟು,
ಮೊಣಕಾಲವರೆಗೆ ಕುರಿಯುಣ್ಣೆಯ ಬೂಟು.
ನೋಟ್‌ಬುಕ್ಕಿನಲ್ಲಿ ಸ್ಕೇಲಿಟ್ಟು ಎಳೆದ ಮೂರು ಕಾಲಂ:
ಅವರು ಏನಂದರು, ನನಗೇನನ್ನಿಸಿತು, ಮೇಲ್ವಿಚಾರಕರ ಮಾತು.
ಮೂರನೆಯದು ನನ್ನದು. ಕೆಂಪು ಪೆನ್ನೂ ನನ್ನದೇ.

ಮೊದಲ ವಾರ ಬರೆದಿದ್ದಳು:
'ದುಲ್ಮಾ ಎಂಬಾಕೆ ಸಹಕರಿಸಲಿಲ್ಲ. ಬೇಲಿಯ ಬಾಗಿಲು ತೆರೆಯಲಿಲ್ಲ.'
ಏನಂತ ಕೂಗಿದೆ, ಕೇಳಿದೆ.
'ನಮಸ್ಕಾರ, ನಾನು ಸಮಾಜಕಾರ್ಯದ ವಿದ್ಯಾರ್ಥಿನಿ ಅಂತ.'
ಮಗೂ, ಇಲ್ಲಿ ಯಾರೂ ಹಾಗೆ ಕೂಗುವುದಿಲ್ಲ.
ನಾಯಿ ಹಿಡೀರಿ! ಅನ್ನಬೇಕು. ನಾಯಿ ಇರಲಿ, ಬಿಡಲಿ.
ಹುಲ್ಲುಗಾವಲಿನಲ್ಲಿ ಯಾವ ಗುಡಾರದ ಮುಂದೆ ನಿಂತರೂ
ನಿನ್ನಜ್ಜ ಅಂದದ್ದು ಅದನ್ನೇ.

ಎರಡನೆಯ ಸಲ ಬಾಗಿಲು ತೆರೆಯಿತು. ಉಪ್ಪು ಹಾಕಿದ ಹಾಲುಚಹಾ ಬಂತು.
ಇವಳು ಫಾರಂ ತೆಗೆದಳು. ಹದಿನಾಲ್ಕನೆಯ ಪ್ರಶ್ನೆ:
ಹುಡುಗ ಶಾಲೆಗೆ ಯಾಕೆ ಬರುತ್ತಿಲ್ಲ?
ತಾಯಿ ಒಲೆಯ ಬಾಯಿಗೆ ಇನ್ನೊಂದು ಕಲ್ಲಿದ್ದಲ ಉಂಡೆಯಿಟ್ಟಳು. ಅಷ್ಟೇ.
ಖುಲಾನ್ ಅದನ್ನೂ ಮೊದಲ ಕಾಲಮ್ಮಿನಲ್ಲಿ ಬರೆದಿದ್ದಳು:
'ಅವರು: ಕಲ್ಲಿದ್ದಲು.'
ಓದಿ ನಗು ಬಂತು. ಆಮೇಲೆ ಬರಲಿಲ್ಲ.
ಕೆಂಪಿನಲ್ಲಿ ಬರೆದೆ: ಮುಂದಿನ ಸಲ ಫಾರಂ ಒಯ್ಯಬೇಡ.

ಬರಿಗೈಗೆ ಏನಾದರೂ ಕೆಲಸ ಬೇಕಲ್ಲ,
ಬಿಲ್ಗೂನನ ನೀರಿನ ಗಾಡಿಗೆ ಕೈಹಚ್ಚಿದಳು.
ನಲವತ್ತು ಲೀಟರಿನ ಡಬ್ಬ, ಏರು ದಾರಿ, ಕಾಲಡಿ ಗಾಜಿನಂಥ ಹಿಮ.
ತುಳುಕಿದ ನೀರು ಕೈಗವಸಿನ ಮೇಲೇ ಗಟ್ಟಿಯಾಯಿತು.
ಅರ್ಧ ಏರಿನಲ್ಲಿ ನಿಂತು, ಹುಡುಗ ತಾನಾಗೇ ಅಂದ:
ಹೋದ ವರ್ಷ ಅಕ್ಕನದು ಬೆಳಗಿನ ಪಾಳಿ, ನನ್ನದು ಮಧ್ಯಾಹ್ನದ್ದು.
ಅವಳು ಬಂದು ಬೂಟು ಬಿಚ್ಚುತ್ತಿದ್ದಳು, ನಾನು ಹಾಕಿಕೊಳ್ಳುತ್ತಿದ್ದೆ,
ಒಳಗೆ ಇನ್ನೂ ಬಿಸಿ ಇರುತ್ತಿತ್ತು.
ಈ ವರ್ಷ ಇಬ್ಬರದೂ ಬೆಳಗಿನದೇ.

ಆ ದಿನದ ಎರಡನೆಯ ಕಾಲಂ ಖಾಲಿ.

ಬೂಟು ಕೊಡಿಸಲೇ ಎಂದಳು. ಬೇಡ ಎಂದೆ.
ಇವತ್ತು ಬೂಟು, ನಾಳೆ ಕಲ್ಲಿದ್ದಲು, ನೀನೋ ಮೇ ತಿಂಗಳಲ್ಲಿ ಹೋಗುವವಳು.
ಶಾಲೆಗೆ ಹೋಗು, ಪಾಳಿ ಬದಲಿಸಲು ಕೇಳು. ಆಗದೆಂದರೆ ಮತ್ತೆ ಕೇಳು.
ಹೋದಳು. ನಾಲ್ಕು ಸಲ.
ಹೊಸ ವರ್ಷ ಕಳೆಯಲಿ, ನೋಡೋಣ ಎಂದರಂತೆ.

ಸೋಮವಾರ, ಮೈನಸ್ ಮೂವತ್ತೊಂದು.
ಹೊಗೆಯೊಳಗೆ ಬೀದಿದೀಪ ಒಂದು ಹಳದಿ ಕಲೆ.
ಖುಲಾನ್ ಕ್ಯಾನ್ವಾಸ್ ಶೂನಲ್ಲಿ ಬಂದಳು.
ಕುರ್ಚಿಯಡಿ ಕಾಲು ಮಡಚಿಟ್ಟು ವಾರದ ವರದಿ ಓದಿದಳು,
ಎಲ್ಲೂ ತಡವರಿಸದೆ.
ಬೂಟಿನ ಮಾತು ಯಾವ ಕಾಲಮ್ಮಿನಲ್ಲೂ ಇರಲಿಲ್ಲ.
ನಾನೂ ಕೇಳಲಿಲ್ಲ. ಮೇಜಿನ ಕೆಳಗಿನ ಹೀಟರನ್ನು
ಕಾಲಿನಿಂದಲೇ ಅವಳತ್ತ ದೂಡಿದೆ.

ಮೌಲ್ಯಮಾಪನದ ಹಾಳೆಯಲ್ಲಿ 'ವೃತ್ತಿಪರ ಅಂತರ' ಅಂತ ಒಂದು ಸಾಲಿದೆ, ಐದಕ್ಕೆ.
ಮೂರು ಕೊಟ್ಟೆ. ಎರಡು ಕಳೆಯಲೇಬೇಕಿತ್ತು, ಕಳೆದೆ.
ಇಪ್ಪತ್ತು ವರ್ಷದ ಹಿಂದೆ ನನಗೂ ಬಂದದ್ದು ಮೂರೇ.
ಯಾಕೆಂದು ಅವರು ಹೇಳಲಿಲ್ಲ, ನಾನು ಕೇಳಲಿಲ್ಲ.
ಒಂದು ಕಂಬಳಿ. ಅಷ್ಟು ಸಾಕು.

ಗಂಟೆಗಳ ಪಟ್ಟಿಯಲ್ಲಿ 'ನೀರಿನ ಗಾಡಿ, ಎರಡು ಗಂಟೆ' ಎಂದು
ಪೆನ್ಸಿಲಿನಲ್ಲಿ ಬರೆದು ಅಳಿಸಿದ್ದಳು.
ಅಳಿಸಿದ ಗುರುತಿನ ಮೇಲೆ ಪೆನ್ನು ತೀಡಿ ಸಹಿ ಹಾಕಿದೆ.
ಆಮೇಲೆ ನೋಟ್‌ಬುಕ್ಕು ಎಳೆದುಕೊಂಡು ಮೂರನೆಯ ಕಾಲಮ್ಮಿನಲ್ಲಿ:
ಬುಧವಾರ, ಶಾಲೆಗೆ, ಐದನೆಯ ಸಲ.
ನಾನೂ ಬರುತ್ತೇನೆ.