ಬಿಟ್ಟ ಟೊಂಗಿ

ಸುಟ್ಟ ಮೋಟರಿನ ತಂತಿ ಮೆತ್ತಗಿರತೈತಿ.
ಒಮ್ಮೆ ಬೆಂಕಿ ಕಂಡ ತಾಮ್ರ
ಬಗ್ಗಿಸಿದಲ್ಲೇ ನಿಲ್ಲತೈತಿ.
ಮೋಡಕಾದವಗ ಕಿಲೋ ಲೆಕ್ಕದಾಗ ಹಾಕೂ ಮೊದಲ
ಒಂದು ಮುಷ್ಟಿ ತಗದಿಟ್ಟುಕೊಂಡು
ಮಾಳಿಗಿ ಹತ್ತತೇನಿ,
ಕುಂಡದಾಗಿನ ಜಪಾನಿ ಮೇಪಲ್ಲಿನ ಟೊಂಗಿಗೆ ಸುತ್ತಾಕ.

ಶಹಾಪುರದಾಗ ಮೇಪಲ್ ಯಾಕ ಅಂತ ಕೇಳಬ್ಯಾಡ್ರಿ.
ಕ್ಯಾಂಪಿನ ಮೇಜರ್ ಸಾಹೇಬರ ಮನಿಯವರು
ಮಿಕ್ಸರ್ ರಿಪೇರಿಗೆ ಕೊಟ್ಟರು. ಅಷ್ಟರಾಗ ವರ್ಗ ಆತು.
ಮಿಕ್ಸರ್ ಒಯ್ದರು, ಗಿಡ ಬಿಟ್ಟರು.
ರಾಜಸ್ಥಾನದ ಬಿಸಲು ಇದಕ್ಕ ತಡಿಯಾಂಗಿಲ್ಲ ಅಂದರು ಹಿಂದ್ಯಾಗ.
ಬೆಳಗಾಂವಿ ಬಿಸಲೂ ತಡಿಯಾಂಗಿಲ್ಲ ಅಂತ
ನಾ ಅನ್ನಲಿಲ್ಲ.

ಕಾಂಡದ ನಡುವ ಒಂದು ಗಾಯ ಇತ್ತು.
ದಪ್ಪ ಟೊಂಗಿ ಯಾರೋ ಗರಗಸದಿಂದ ಕೊಯ್ದಿದ್ದರು.
ವರ್ನಿಯರ್ ಹಿಡಿದು ಅಳದೆ:
ಮೂವತ್ತೊಂದು ಮಿಲಿಮೀಟರ್.
ತಿಳೀಲಾರದ, ಕಾಯಿಲಿಗೆ ಹಚ್ಚೂ ವಾರ್ನಿಶ್ ಬಳದೆ.
ಗಾಯ ಮುಚ್ಚಲಿಲ್ಲ, ಹೊಳೀತು.

ಅದೇ ವರ್ಷ ಪ್ಯಾನಲ್ ಸಿಡಿದು
ನನ್ನ ಬಲಗೈ ಬೆಂದದ್ದು.
ಏಳು ತಿಂಗಳು ಅಂಗಡಿ ನಡಿಸಿದಾವ ಭರಮಾ,
ಹತ್ತೊಂಬತ್ತರ ಹುಡುಗ, ಮೀಸಿ ಸೈತ ನೆಟ್ಟಗ ಬಂದಿರಲಿಲ್ಲ.
ಸ್ಟೂಲ್ ಮ್ಯಾಲೆ ಕುಂತು ನಾ ಕೇಳತಿದ್ದೆ,
ಅವ ಸುತ್ತು ಎಣಸತಿದ್ದ, ಜೋರಾಗಿ.
ತಪ್ಪಿದರ ನಾ ಹೇಳತಿದ್ದೆ:
ನೂರಾ ಹದಿನಾಲ್ಕಲೇ, ಹದಿನೈದಲ್ಲ.

ಗಾಯದ ಮಗ್ಗಲಿಗೆ ಒಂದು ಕುಡಿ ಒಡದಿತ್ತು.
ಉಳಿದ ಕುಡಿ ಎಲ್ಲಾ ಎರಡೆಲಿಗೆ ಚಿವುಟತೇನಿ.
ಆ ಎರಡರ ಕಂಕುಳದಾಗಿಂದ ಮತ್ತೆರಡು,
ಮತ್ತ ಚಿವುಟು, ಮತ್ತೆರಡು,
ಕವಲು ಸಣ್ಣ ಆಕ್ಕೋತ ಹೋಗತಾವ
ಗಾಜು ಸೀಳಿದಂಗ.
ಇದೊಂದನ್ನ ಮುಟ್ಟಲಿಲ್ಲ. ಬಿಟ್ಟೆ.
ತುದಿಗೆ ಲೋಡ್ ಇದ್ದರ ತಾನ
ನಡುವಿನ ತಂತ್ಯಾಗ ಕರೆಂಟ್ ಹರಿಯೂದು?
ಟೊಂಗಿ ಓಡಲಿ, ರಸ
ಗಾಯದ ಅಂಚು ಹಾದು ಹೋಗಲಿ.

ಪ್ರತಿ ವರ್ಷ ಶಿವರಾತ್ರಿಗೆ ಮುಂಚೆ, ಮೊಗ್ಗಿ ಉಬ್ಬೂ ಹೊತ್ತಿಗೆ,
ಬ್ಲೇಡಿನಿಂದ ಆ ಅಂಚು ಹಸಿ ಮಾಡತೇನಿ.
ಹಳೇ ಗಾಯ ಹೊಸದು ಅಂತ ತಿಳದು
ತೊಗಟಿ ಮತ್ತ ಏಳತೈತಿ, ತುಟಿ ಉಬ್ಬಿದಂಗ, ಒಳಮುಖ.
ಇಪ್ಪತ್ತಾರು.
ಇಪ್ಪತ್ತೈದೂವರಿ (ಆ ಬ್ಯಾಸಗಿ ಕೆಟ್ಟದ್ದು,
ಏಳು ಬೆರಳಿನ ಎಲಿಗೆ ಏಳೂ ತುದಿ
ಬೀಡಿ ಸುಟ್ಟಂಗ).
ಹದಿನಾಲ್ಕು. ಆರು.
ಈಗ ಉಗುರಿನ ಅಂಚು ಸಿಗೂವಷ್ಟು ಗೆರಿ,
ವರ್ನಿಯರಿಗೆ ಸಿಗೂದಿಲ್ಲ.

ಬಿಟ್ಟ ಟೊಂಗಿ ನನಗಿಂತ ಎತ್ತರ ಆಗೇತಿ.
ಬಾಜೂ ಮನಿ ಅರಬಿ ಒಣಗಿಸೂ ಹಗ್ಗಕ್ಕ ಚಾಚೇತಿ.
ಬೋನ್ಸಾಯಿ ಅಂತೀರಿ, ಇದು ದನ ಕಾಯೂ ಕೋಲು ಅಂತ
ನೋಡಿದವರು ನಗತಾರ.
ಕಡೀಬೇಕು. ಇನ್ನೊಂದು ವರ್ಷ ಬಿಟ್ಟರ
ಯಾವುದು ಕಾಂಡ ಯಾವುದು ಟೊಂಗಿ ತಿಳಿಯೂದಿಲ್ಲ.
ಕಡದರ ಅಲ್ಲೇ ಮತ್ತೊಂದು ಗಾಯ.

ಮೊನ್ನೆ ಇನ್ಸುಲೇಶನ್ ಕಾಗದದ ಡಬ್ಬಿ ಕೆಳಗ
ಹೊಸಾ ಕಾರ್ಡಿನ ಕಟ್ಟು ಸಿಕ್ಕಿತು:
ಭರಮಾ ರಿವೈಂಡಿಂಗ್ ವರ್ಕ್ಸ್, ಉದ್ಯಮಬಾಗ.
ಫೋನ್ ನಂಬರಿನ ಜಾಗಾ ಖಾಲಿ.
ಇದ್ದಂಗ ಮತ್ತ ಮುಚ್ಚಿಟ್ಟೆ.

ಗರಗಸ ತಗೊಂಡು ಹೋದಾವ
ಬ್ಲೇಡಿಗಷ್ಟೇ ಕೆಲಸ ಕೊಟ್ಟೆ.
ಟೊಂಗಿಯ ಬುಡದಾಗ ಎರಡು ಬೆರಳಗಲ
ತೊಗಟಿ ಬಳೀಯಂಗ ತಗದೆ.
ಜಾಂಬೋಟಿಯಿಂದ ತಂದ ಹಾವಸಿ ನೆನಸಿ ಮೆತ್ತಿ
ಪ್ಲಾಸ್ಟಿಕ್ ಸುತ್ತಿ
ಕಾಯಿಲ್ ಕಟ್ಟೂ ನೂಲಿನ ಪಟ್ಟಿಯಿಂದ ಬಿಗದೆ.
ಬೇರು ಬಿಟ್ಟರ ಕಡದು ಬ್ಯಾರೆ ಕುಂಡಕ್ಕ.
ಬಿಡಲಿಲ್ಲಂದರ, ನೋಡೂಣು.

ಐದು ವಾರ ಆತು. ದಿನಾ ಮುಂಜಾನೆ
ಮೊಬೈಲ್ ಬೆಳಕು ಬಿಟ್ಟು ಇಣಕತೇನಿ.
ಹಾವಸಿ ಕರ್ರಗೈತಿ, ನೀರಿನ ಹನಿ ಅದಾವ.
ಭರಮಾ ಮೆಟ್ಟಲ ಮ್ಯಾಲೆ ನಿಂತು ಕೇಳತಾನ,
"ಬೇರು ಬಂದಾವೇನ್ರಿ, ದಸ್ತಗೀರ ಮಾಮಾ?"
"ಇನ್ನಾ ಇಲ್ಲೋ."
ಯಾರಿಗೆ ಈ ಗಿಡ ಅಂತ ಅವ ಕೇಳಿಲ್ಲ.

ಕೆಳಗ ಮೂರು ಎಚ್‌ಪಿಯ ಮೋಟರ್ ಬಿಚ್ಚಿ ಕುಂತೈತಿ.
ನನ್ನ ಕೈ ಈಗ ಆಡತೈತಿ, ಚಳಿಗೆ ಅಷ್ಟೇ ಬಿಗಿ.
ಸುತ್ತಾಕ ಹತ್ತಿದೆ. ಮಳಿ ಸಪ್ಪಳದಾಗ
ನಡುವ ಎಣಿಕಿ ಜಾರಿತು.
"ಎಂಬತ್ತೇಳು," ಅಂದ ಅವ, ತಲಿ ಎತ್ತಲಾರದ,
"ಎಂಬತ್ತೇಳ್ರಿ ಮಾಮಾ, ಹಾಕ್ರಿ."